ಮಲ್ಲಿಗೆಯ ಮೊಗ್ಗಿನೊಳಗಿನ ಹುಳು
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಊರಿನಿಂದ ಮಲ್ಲಿಗೆಯ ಗಿಡ ತಂದು ಡೊಂಬಿವಲಿಯ ಗ್ಯಾಲರಿಯಲ್ಲೋ ಕಲ್ಯಾಣದ ಚಾಳಿನ ಬಾಗಿಲಲ್ಲೋ ಕುಂಡದಲ್ಲಿ ಬೆಳೆಸುವವರು ನಾವು. ಒಬ್ಬರಿಗೆ ಶಂಕರಪುರದ ಮಲ್ಲಿಗೆ, ಇನ್ನೊಬ್ಬರಿಗೆ ಹಡಗಲಿಯದು. ಮೊಗ್ಗು ಅರಳುವ ಮೊದಲೇ ನೇರಳೆ ಬಣ್ಣಕ್ಕೆ ತಿರುಗಿ ಒಣಗಿದರೆ, “ಇಲ್ಲಿಯ ನೀರು ಒಗ್ಗಲಿಲ್ಲ” ಎನ್ನುತ್ತೇವೆ. ಹಾಗೆಂದೇ ನಂಬಿ ನಾವೂ ಒಮ್ಮೆ ಒಳ್ಳೆಯ ಗಿಡವೊಂದನ್ನು ಕಿತ್ತೆಸೆದೆವು. ತಪ್ಪು ನೀರಿನದಲ್ಲ, ಮೊಗ್ಗು ಕೊರೆಯುವ ಹುಳುವಿನದು.

ಇದನ್ನು ಗುರುತಿಸುವುದು ಕಷ್ಟವಲ್ಲ. ಬಣ್ಣಗೆಟ್ಟ ಮೊಗ್ಗನ್ನು ಬೆಳಕಿಗೆ ಹಿಡಿದು ನೋಡಿರಿ. ಸಣ್ಣ ತೂತು ಇದ್ದೀತು; ಅಕ್ಕಪಕ್ಕದ ಮೊಗ್ಗುಗಳು ರೇಷ್ಮೆಯಂಥ ಎಳೆಯಿಂದ ಹೆಣೆದುಕೊಂಡಿದ್ದಾವು. ಸೀಳಿದರೆ ಒಳಗೆ ಕರಿಯ ತಲೆಯ, ಗಿಡ್ಡ ರೋಮಗಳ ಹಸಿರು ಹುಳು. ಇದರ ತಾಯಿ ಚಿಕ್ಕ ಬಿಳಿಯ ಪತಂಗ; ಹಿಂದಿನ ರೆಕ್ಕೆಯ ಮೇಲೆ ಕಪ್ಪು ಅಲೆಗೆರೆಗಳು. ರಾತ್ರಿ ದೀಪಕ್ಕೆ ಬರುತ್ತದೆ.

ಟೊಮೇಟೊ, ಚೆಂಡುಹೂ, ಗುಲಾಬಿಗಳನ್ನು ಕೊರೆಯುವುದು ಬೇರೆಯೇ ಹುಳು. ಅದು ಹಸಿರಾಗಿಯೂ ಕಂದಾಗಿಯೂ ಇರುವುದುಂಟು. ಪಕ್ಕೆಯಲ್ಲಿ ತಿಳಿಗೆರೆ ಇರುತ್ತದೆ. ತಲೆಯನ್ನು ಕಾಯಿಯೊಳಗೆ ತೂರಿ ಅರ್ಧ ಮೈಯನ್ನು ಹೊರಗೇ ಬಿಟ್ಟು ತಿನ್ನುತ್ತದೆ. ಇದರ ಪತಂಗ ದಪ್ಪ ಮೈಯದು, ಮಾಸಲು ಕಂದು. ನಮ್ಮ ಕಲಬುರಗಿಯ ತೊಗರಿಯನ್ನು ಹಾಳುಮಾಡುವ ಕಾಯಿಕೊರಕವೂ ಇದೇ. ಗಿಡ ಅಲುಗಿಸಿ, ಹಾಸಿದ ಬಟ್ಟೆಯ ಮೇಲೆ ಹುಳು ಉದುರಿಸಿ ಆರಿಸುವ ಉಪಾಯವನ್ನು ಅಲ್ಲಿಯ ರೈತರಿಂದ ಕಲಿಯಬಹುದು.

ಇನ್ನು ಉಪಾಯ. ಕೆಟ್ಟ ಮೊಗ್ಗುಗಳನ್ನು, ಹೆಣೆದುಕೊಂಡವುಗಳ ಸಮೇತ, ದಿನವೂ ಕಿತ್ತು ಸಾಬೂನಿನ ನೀರಿಗೆ ಹಾಕಿರಿ; ಕುಂಡದ ಬುಡದಲ್ಲಿ ಬಿಸಾಡಬೇಡಿರಿ. ಉದುರಿದ್ದನ್ನೂ ಗುಡಿಸಿ ತೆಗೆಯಿರಿ. ಹೂ ಮುಗಿದ ಮೇಲೆ ಗಿಡ ಸವರಿ, ಮೇಲ್ಮಣ್ಣನ್ನು ಕೆದಕಿರಿ. ಐವತ್ತು ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ಸಾಬೂನು ಕಲಸಿ ಸಂಜೆಯ ಹೊತ್ತು ಸಿಂಪಡಿಸಿರಿ. ಮೊಗ್ಗಿನ ಒಳಹೊಕ್ಕ ಹುಳುವಿಗೆ ಇದು ತಾಗದು. ಆದುದರಿಂದ ಎಳೆಮೊಗ್ಗು ಮೂಡುವಾಗಲೇ ಆರಂಭಿಸಬೇಕು.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇವೆ. ಹೊಲಕ್ಕೆ ಹೊಡೆಯುವ ವಿಷವನ್ನು ಮನೆಗೆ ತರಬೇಡಿರಿ. ಠಾಣೆಯಾಗಲಿ ನವಿ ಮುಂಬಯಿಯಾಗಲಿ, ನಮ್ಮದು ಒಂದೇ ಕೋಣೆಯ ಬಾಳು. ಅಡಿಗೆ, ಮಕ್ಕಳ ಹಾಸಿಗೆ, ಕುಡಿಯುವ ನೀರಿನ ಹಂಡೆ, ಎಲ್ಲವೂ ಕುಂಡದಿಂದ ನಾಲ್ಕು ಹೆಜ್ಜೆಯೊಳಗೆ. ಆ ಹೂವು ಮುಡಿಯುವುದೂ ನಮ್ಮ ಹೆಣ್ಣುಮಕ್ಕಳೇ. ನಾಲ್ಕು ಮೊಗ್ಗು ಹೋದರೆ ಹೋಗಲಿ.

ಗಿಡ ಕೀಳುವ ಮೊದಲು ಒಂದು ಮೊಗ್ಗನ್ನು ಸೀಳಿ ನೋಡಿರಿ. ಗುರುತು ಸಿಗದಿದ್ದರೆ ಮುಂದಿನ ಭಾನುವಾರ ಡಬ್ಬಿಯಲ್ಲಿ ಹಾಕಿ ಇಲ್ಲಿಗೆ ತನ್ನಿರಿ, ಕೂಡಿಯೇ ನೋಡೋಣ.