ಮಕ್ಕಳ ಮಲಬದ್ಧತೆ



ಈ ಸಂಜೆ ನಾವು ಪ್ರಸ್ತಾಪಿಸಬೇಕೆಂದಿರುವ ವಿಷಯವು ಸಭ್ಯರ ಗೋಷ್ಠಿಯಲ್ಲಿ ಸಾಮಾನ್ಯವಾಗಿ ಎತ್ತುವಂಥದಲ್ಲ. ಕೆಮ್ಮು, ಜ್ವರ, ಹಲ್ಲುನೋವುಗಳ ವಿಚಾರವನ್ನು ನೆರೆಹೊರೆಯವರೊಡನೆ ನಿಸ್ಸಂಕೋಚವಾಗಿ ಆಡುವ ನಾವು, ಮನೆಯ ಮಗುವಿಗೆ ನಾಲ್ಕು ದಿನಗಳಿಂದ ಶೌಚವಾಗಿಲ್ಲವೆಂಬುದನ್ನು ಮಾತ್ರ ದನಿ ತಗ್ಗಿಸಿ ಹೇಳುತ್ತೇವೆ. ಈ ಸಂಕೋಚದ ಬೆಲೆಯನ್ನು ತೆರುವವರು ದೊಡ್ಡವರಲ್ಲ. ತಮ್ಮ ನೋವನ್ನು ಮಾತಿನಲ್ಲಿ ಹೇಳಲರಿಯದ ಮಕ್ಕಳು. ಆದುದರಿಂದ ಕೆಲವು ನಿಮಿಷಗಳ ಕಾಲ ಅದನ್ನು ಬದಿಗಿಟ್ಟು ಆಲಿಸಬೇಕೆಂದು ಪ್ರಾರ್ಥನೆ.

ಬಾದಾಮಿಗೆ ಸುಮಾರು 5 ಕಿಲೋಮೀಟರು ದೂರದಲ್ಲಿರುವ ಚೊಳಚಗುಡ್ಡದ ಬನಶಂಕರಿಯ ಜಾತ್ರೆಯನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಪುಷ್ಯ ಮಾಸದ ಬನದ ಹುಣ್ಣಿಮೆಯಂದು ಅಲ್ಲಿ ತೇರು ಸಾಗುವುದು. ದೇವಿಗೆ ಶಾಕಂಭರಿಯೆಂಬ ಹೆಸರೂ ಉಂಟು. ಕ್ಷಾಮದ ಕಾಲದಲ್ಲಿ ಕಾಯಿಪಲ್ಲೆಗಳನ್ನಿತ್ತು ಲೋಕವನ್ನು ಸಲಹಿದಳೆಂಬ ನಂಬಿಕೆಯಿಂದ, ಭಕ್ತರು ಪಲ್ಲೇದ ಹಬ್ಬದಲ್ಲಿ 108 ಬಗೆಯ ಪಲ್ಯಗಳನ್ನು ನೈವೇದ್ಯ ಮಾಡುತ್ತಾರೆ. ಒಂದು ವರ್ಷ ನಾವು ಆ ಜಾತ್ರೆಗೆ ಹೋಗಿದ್ದಾಗ, ಹರಿದ್ರಾ ತೀರ್ಥದ ಸುತ್ತಣ ಕಲ್ಲುಮಂಟಪದಲ್ಲಿ ನಾಲ್ಕು ವರ್ಷದ ಒಂದು ಮಗು ಕಂಬವನ್ನು ತಬ್ಬಿ ನಿಂತಿತ್ತು. ಹಿಮ್ಮಡಿಗಳು ಮೇಲೆದ್ದಿದ್ದುವು, ಕಾಲುಗಳು ಒಂದಕ್ಕೊಂದು ಹೆಣೆದುಕೊಂಡಿದ್ದುವು, ಮುಖವು ಕೆಂಪೇರಿ ಬೆವರಿಟ್ಟಿತ್ತು. ತಾಯಿ, “ಪಾಪ, ಎಷ್ಟು ತಿಣುಕಿದರೂ ಆಗದು” ಎಂದು ಮರುಗಿದಳು. ಅಜ್ಜಿ, “ಬರಿಯ ಹಟ” ಎಂದಳು.

ಇಬ್ಬರ ಊಹೆಯೂ ತಪ್ಪು. ಆ ಮಗುವು ಮಲವನ್ನು ಹೊರದೂಡಲು ತಿಣುಕುತ್ತಿರಲಿಲ್ಲ. ತನ್ನಲ್ಲಿದ್ದ ಸರ್ವಶಕ್ತಿಯಿಂದ ಅದನ್ನು ತಡೆದು ಹಿಡಿಯುತ್ತಿದ್ದಿತು. ಅದಕ್ಕೆ ಕಾರಣ ಹಟವಲ್ಲ, ಭಯ. ಇಂದಿನ ನಮ್ಮ ಮಾತಿನ ಸಾರವೆಲ್ಲ ಇಷ್ಟೆ.

ಈ ಭಯವು ಹೇಗೆ ಹುಟ್ಟುತ್ತದೆ? ಒಂದು ಸಲ ಜ್ವರ ಬಂದು ದೇಹದ ನೀರು ಕಡಮೆಯಾದಾಗಲೊ, ಮೊಲೆಹಾಲು ಬಿಡಿಸಿದಾಗಲೊ, ಪ್ರಯಾಣದಲ್ಲಿಯೊ, ಹೊಸದಾಗಿ ಶಾಲೆಗೆ ಸೇರಿ ಅಲ್ಲಿಯ ಪಾಯಖಾನೆಗೆ ಹೋಗಲು ಅಂಜಿದಾಗಲೊ ಮಲವು ಗಟ್ಟಿಯಾಗುತ್ತದೆ. ಗಟ್ಟಿಯಾದ ಮಲವು ಹೊರಬರುವಾಗ ಗುದದ್ವಾರದಲ್ಲಿ ಸಣ್ಣ ಬಿರುಕು ಉಂಟಾಗಿ ಬೆಂಕಿಯಂಥ ಉರಿ ಎನಿಸುವುದು. ಬಿಸಿ ಪಾತ್ರೆಯನ್ನು ಒಮ್ಮೆ ಮುಟ್ಟಿದ ಕೂಸು ಮತ್ತೆ ಅದರ ಬಳಿಗೆ ಸುಳಿಯುವುದಿಲ್ಲವಷ್ಟೆ. ಹಾಗೆಯೇ ಈ ಮಗುವೂ ಮರುದಿನ ಶೌಚದ ವೇಗ ಬಂದೊಡನೆ ಬಿಗಿಹಿಡಿಯುವುದು. ತಡೆದ ಮಲದಿಂದ ಕರುಳು ನೀರನ್ನು ಹೀರುತ್ತಲೇ ಇರುವುದರಿಂದ ಅದು ಮತ್ತಷ್ಟು ಗಟ್ಟಿಯಾಗುವುದು, ದಪ್ಪವಾಗುವುದು. ಮುಂದಿನ ಸಲದ ನೋವು ಹಿಂದಿನದಕ್ಕಿಂತ ಹೆಚ್ಚು. ಅದರಿಂದ ಭಯವೂ ಹೆಚ್ಚು. ಕಾಲಕ್ರಮದಲ್ಲಿ ಮಲಾಶಯವು ಹಿಗ್ಗಿ ವೇಗದ ಅರಿವೇ ಮಂದವಾಗುತ್ತದೆ.

ಇನ್ನೊಂದು ವಿಚಿತ್ರವುಂಟು. ಒಳಗೆ ಸಿಕ್ಕಿಕೊಂಡ ಗಟ್ಟಿಮಲದ ಬದಿಯಿಂದ ತೆಳ್ಳನೆಯ ಮಲವು ಮಗುವಿಗೆ ತಿಳಿಯದಂತೆಯೇ ಜಿನುಗಿ ಬಟ್ಟೆಯನ್ನು ಕೆಡಿಸುವುದು. ಹಿರಿಯರು ಅದನ್ನು ಭೇದಿಯೆಂದು ತಿಳಿದು ವಿರುದ್ಧವಾದ ಔಷಧವನ್ನು ಕೊಡುವುದುಂಟು. ಅಥವಾ ಕೊಳಕು ಮಾಡಿತೆಂದು ಹೊಡೆಯುವುದುಂಟು. ತನ್ನ ಸ್ವಾಧೀನದಲ್ಲಿಲ್ಲದ ತಪ್ಪಿಗೆ ಶಿಕ್ಷೆಯನ್ನು ಉಣ್ಣುವ ಮಗುವಿನ ಮನಸ್ಸು ಏನಾದೀತೆಂಬುದನ್ನು ನೀವೇ ಯೋಚಿಸಿರಿ.

ನಮ್ಮ ಮನೆಗಳಲ್ಲಿ ರೂಢಿಯಲ್ಲಿರುವ ಉಪಚಾರಗಳೆಂಥವು? ವೀಳ್ಯದೆಲೆಯ ತೊಟ್ಟನ್ನು ಎಣ್ಣೆಯಲ್ಲಿ ಅದ್ದಿ ಇಡುವುದು, ಸಾಬೂನಿನ ಚೂರನ್ನು ತುರುಕುವುದು, ಕೈಕಾಲು ಹಿಡಿದು ಹರಳೆಣ್ಣೆ ಕುಡಿಸುವುದು. ಹೀಗೆ ಮಾಡಿದವರ ಪ್ರೀತಿಯನ್ನು ನಾವು ಶಂಕಿಸುವುದಿಲ್ಲ. ಆದರೆ ಸಾಬೂನು ಒಳಚರ್ಮವನ್ನು ಸುಡುವುದು. ಹರಳೆಣ್ಣೆ ಕರುಳನ್ನು ಕೆರಳಿಸಿ ಹೊಟ್ಟೆನುಲಿತವನ್ನು ತರುವುದು. ಬಲವಂತದಿಂದ ಕುಡಿಸಿದ ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಉಂಟು. ಎಲ್ಲಕ್ಕಿಂತ ಮಿಗಿಲಾಗಿ, ಯಾವ ಜಾಗದ ವಿಚಾರವಾಗಿ ಮಗುವು ಅಂಜಿದೆಯೊ ಅಲ್ಲಿಗೇ ಮತ್ತೆ ಮತ್ತೆ ಕೈಹಾಕಿದರೆ ಭಯವು ಇಮ್ಮಡಿಯಾಗುವುದಲ್ಲದೆ ಅಳಿಯುವುದೆಂತು?

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು, ಒಳಗೆ ಸಿಕ್ಕಿರುವ ಮಲವನ್ನು ವೈದ್ಯರ ಸಲಹೆಯಂತೆ ಬಾಯಿಯಿಂದ ಕೊಡುವ ಔಷಧದಿಂದ ಕರಗಿಸಿ ತೆರವು ಮಾಡುವುದು. ಇದಕ್ಕೆ ಸಾಮಾನ್ಯವಾಗಿ ಮೂರರಿಂದ ಆರು ದಿನ ಹಿಡಿಯುವುದು. ಎರಡನೆಯದು, ಅನಂತರ ಪ್ರತಿದಿನವೂ ಮಲವು ಮೆತ್ತಗೆ ಇರುವಂತೆ ಔಷಧವನ್ನು ಮುಂದುವರಿಸುವುದು. ಒಂದು ವರ್ಷ ಮೀರಿದ ಮಕ್ಕಳಿಗೆ ಪಾಲಿಎಥಿಲೀನ್ ಗ್ಲೈಕಾಲ್, ಅದಕ್ಕಿಂತ ಚಿಕ್ಕವರಿಗೆ ಲ್ಯಾಕ್ಟುಲೋಸ್ ಎಂಬವನ್ನು ವೈದ್ಯರು ಹೆಚ್ಚಾಗಿ ಸೂಚಿಸುತ್ತಾರೆ. ಇವು ಕರುಳನ್ನು ಕೆರಳಿಸತಕ್ಕವಲ್ಲ. ಮಲದಲ್ಲಿ ನೀರನ್ನು ಹಿಡಿದಿಡುವುವು. ಅಭ್ಯಾಸವಾಗಿಬಿಡುವುದೆಂಬ ಅಂಜಿಕೆಗೆ ಆಧಾರವಿಲ್ಲ. ಪ್ರಮಾಣವನ್ನು ಮಾತ್ರ ಮಗುವಿನ ತೂಕ ನೋಡಿ ವೈದ್ಯರೇ ಹೇಳಬೇಕು.

ಎಷ್ಟು ಕಾಲ ಕೊಡಬೇಕು? ಯುರೋಪು ಮತ್ತು ಉತ್ತರ ಅಮೆರಿಕದ ಮಕ್ಕಳ ಜಠರರೋಗ ತಜ್ಞರ ಸಂಘಗಳು 2014ರಲ್ಲಿ ಹೊರಡಿಸಿದ ಮಾರ್ಗದರ್ಶನದಂತೆ, ಕಡಮೆಯೆಂದರೆ ಎರಡು ತಿಂಗಳು. ಲಕ್ಷಣಗಳೆಲ್ಲ ಅಡಗಿ ಒಂದು ತಿಂಗಳಾದ ಮೇಲೆಯೇ ಮೆಲ್ಲಮೆಲ್ಲನೆ ಇಳಿಸಬೇಕು. ಅನೇಕ ಮಕ್ಕಳಿಗೆ ಇನ್ನೂ ಹೆಚ್ಚು ಕಾಲ ಬೇಕಾಗುವುದು. ಮಂಟಪದಲ್ಲಿ ಕಂಡ ಆ ಕುಟುಂಬದವರು, ಎರಡು ದಿನ ಸರಾಗವಾದೊಡನೆ ಔಷಧವನ್ನು ನಿಲ್ಲಿಸಿದ್ದರೆಂದು ಮಾತಿನ ಮಧ್ಯೆ ತಿಳಿಯಿತು. ಎಲ್ಲರೂ ಮಾಡುವ ತಪ್ಪೇ ಇದು. ಕರುಳು ವಾರದಲ್ಲಿ ತೆರವಾದರೂ, ನೋವಿನ ನೆನಪು ಅಳಿಯಲು ತಿಂಗಳುಗಳು ಬೇಕು. ನಾವು ಔಷಧ ಕೊಡುವುದು ಕರುಳಿಗಷ್ಟೇ ಅಲ್ಲ, ಆ ನೆನಪಿಗೂ.

ಮೂರನೆಯದು, ಕುಳ್ಳಿರಿಸುವ ಕ್ರಮ. ಊಟವಾದೊಡನೆ ಕರುಳು ತಾನಾಗಿ ಚಲಿಸುವುದು ಪ್ರಕೃತಿನಿಯಮ. ಆದುದರಿಂದ ಉಪಾಹಾರ ಮತ್ತು ರಾತ್ರಿಯ ಊಟದ ಬಳಿಕ ಐದರಿಂದ ಹತ್ತು ನಿಮಿಷ ಮಗುವನ್ನು ಆತುರವಿಲ್ಲದೆ ಕುಳ್ಳಿರಿಸಿರಿ. ಎತ್ತರದ ಪೀಠವಾದರೆ ತೂಗಾಡುವ ಪಾದಗಳ ಕೆಳಗೆ ಮಣೆಯನ್ನಿಡಿರಿ. ಮೊಳಕಾಲು ಸೊಂಟಕ್ಕಿಂತ ಮೇಲಿರಲಿ. ಕಥೆ ಹೇಳಿರಿ. ಆಗದಿದ್ದರೆ ಗದರಬೇಡಿರಿ, ಕುಳಿತದ್ದಕ್ಕೇ ಮೆಚ್ಚುಗೆ ಸಲ್ಲಲಿ. ತೀರ ಚಿಕ್ಕ ಮಗುವು ಅಂಜಿದ್ದರೆ ಈ ಅಭ್ಯಾಸವನ್ನೂ ಕೆಲವು ವಾರ ಮುಂದೂಡಬಹುದು.

ಇನ್ನು ಆಹಾರ. ಶಾಕಂಭರಿಯ ಪ್ರಸಾದವು ಇಲ್ಲಿ ನಮಗೆ ನೆರವಾಗುವುದು. ಪುಂಡಿಪಲ್ಲೆ, ಮೆಂತೆಪಲ್ಲೆ, ರಾಜಗಿರಿ, ಮಡಕೆಕಾಳು, ಹೆಸರುಕಾಳು, ಜೋಳದ ರೊಟ್ಟಿ, ಪೇರಲ, ನೆನೆಸಿದ ಒಣದ್ರಾಕ್ಷಿ, ಇವೆಲ್ಲ ನಾರುಳ್ಳ ಪದಾರ್ಥಗಳು. ಪಟ್ಟಣದ ಮಕ್ಕಳು ಇವನ್ನು ಬಿಟ್ಟು ಮೈದಾದ ಬಿಸ್ಕತ್ತು, ಬಿಳಿಯ ಅನ್ನಗಳಿಗೆ ಒಗ್ಗಿದ್ದಾರೆ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿದ ಮಗುವಿಗೆ ಊಟದ ಹಸಿವೇ ಇರದು. ಆದರೆ ಒಂದು ಎಚ್ಚರಿಕೆ: ಪಲ್ಯವು ರೋಗವು ಬಾರದಂತೆ ಕಾಯುವುದು, ಈಗಾಗಲೇ ಕಲ್ಲಾಗಿ ಸಿಕ್ಕಿದ ಮಲವನ್ನು ಕರಗಿಸಲಾರದು. 108 ಪಲ್ಯಗಳನ್ನು ಉಣಿಸಿದರೂ ಹಿಂದೆ ಹೇಳಿದ ಔಷಧಕ್ಕೆ ಅವು ಬದಲಿಯಲ್ಲ. ನೀರನ್ನೂ ವಯಸ್ಸಿಗೆ ತಕ್ಕಷ್ಟು ಕೊಟ್ಟರೆ ಸಾಕು. ಬಲವಂತವಾಗಿ ತುಂಬಿಸಿದ್ದರಿಂದ ಲಾಭವಿಲ್ಲ.

ಮಲಬದ್ಧತೆಯುಳ್ಳ ಮಕ್ಕಳಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಮಂದಿಯಲ್ಲಿ ಬೇರೆ ದೇಹದೋಷವೇನೂ ಇರುವುದಿಲ್ಲ. ಮೊಲೆಹಾಲನ್ನೇ ಕುಡಿಯುವ ಕೂಸು ಚೆನ್ನಾಗಿ ಬೆಳೆಯುತ್ತಿದ್ದು, ಆಗುವ ಮಲವು ಮೆತ್ತಗಿದ್ದರೆ, ಕೆಲವು ದಿನ ಶೌಚವಾಗದಿದ್ದರೂ ಗಾಬರಿ ಬೇಡ. ಆದರೆ ಹುಟ್ಟಿದ 48 ಗಂಟೆಗಳೊಳಗೆ ಮೊದಲ ಕಪ್ಪುಮಲವು ಹೋಗದಿದ್ದರೆ, ಮೊದಲ ತಿಂಗಳಲ್ಲಿಯೇ ತೊಂದರೆ ಆರಂಭವಾದರೆ, ಹೊಟ್ಟೆ ಉಬ್ಬಿ ಹಸುರು ವಾಂತಿಯಾದರೆ, ತೂಕ ಏರದಿದ್ದರೆ, ಕಾಲಿನ ಬಲ ಕುಂದಿದರೆ, ಮಲದೊಡನೆ ರಕ್ತವು ಬೆರೆತು ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳಿಲ್ಲದೆ ಹುಟ್ಟುವ ಹಿರ್ಷ್‌ಸ್ಪ್ರಂಗ್ ರೋಗವು ಅಪರೂಪವಾದರೂ ಇಲ್ಲದ್ದಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು.

ಮಹಾಶಯರೆ, ಕಂಬವನ್ನು ತಬ್ಬಿ ನಿಂತ ಆ ಮಗು ನಮ್ಮ ನಿಮ್ಮ ಮನೆಗಳಲ್ಲಿಯೂ ಬಾಗಿಲ ಮರೆಯಲ್ಲಿ, ಮಂಚದ ಹಿಂದೆ ನಿಂತಿರಬಹುದು. ಅದನ್ನು ಕಂಡಾಗ ಹಟವೆನ್ನುವ ಮುನ್ನ ಒಂದು ಕ್ಷಣ ತಡೆದು, “ನೋಯುತ್ತದೆಯೆ?” ಎಂದು ಕೇಳಿರಿ. ಚಿಕಿತ್ಸೆಯು ಆ ಪ್ರಶ್ನೆಯಿಂದಲೇ ಮೊದಲಾಗುವುದು.