ಗದ್ದೆ ಮೊದಲು, ವಿಶ್ವವಿದ್ಯಾಲಯ ಆಮೇಲೆ



ಸ್ಟಾರ್ಟಪ್ ಅಂದ ಕೂಡಲೇ ಎಲ್ಲರ ಕಣ್ಣೂ ಬೆಂಗಳೂರಿನ ಕಡೆ ಹೊರಳುತ್ತದೆ. ನಮ್ಮ ಕೊಪ್ಪಳ ಜಿಲ್ಲೆಯ ಮರಳಿ, ಕಾರಟಗಿ, ಗಂಗಾವತಿಯ ಕಡೆ ಯಾರೂ ನೋಡುವುದಿಲ್ಲ. ಹೊಸ ಉದ್ಯಮಕ್ಕೂ ವಿಶ್ವವಿದ್ಯಾಲಯಕ್ಕೂ ಇರುವ ನಂಟು ನಮ್ಮ ಸೀಮೆಯಲ್ಲಿ ಹೇಗೆ ಬೆಳೆದು ಬಂತು ಎಂಬುದನ್ನು ಇವತ್ತು ನೋಡೋಣ.

ಹೋಲಿಸಿ ನೋಡಲು ಮೊದಲು ಹಳೆ ಮೈಸೂರಿನ ಮಾತು. ಜೆಮ್‌ಶೆಟ್‌ಜಿ ಟಾಟಾ ಅವರ ಕನಸು, ಮೈಸೂರು ಅರಸರು ಕೊಟ್ಟ ಭೂಮಿ ಸೇರಿ 1909ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಐದೇ ವರ್ಷಕ್ಕೆ ಮೊದಲ ಮಹಾಯುದ್ಧ ಶುರುವಾಗಿ, ಮೈಸೂರಿನ ಗಂಧದ ಮರ ಯುರೋಪಿಗೆ ಹೋಗುವುದು ನಿಂತಿತು. ಮರವೇನೋ ನಮ್ಮದು, ಅದರಿಂದ ಎಣ್ಣೆ ತೆಗೆಯುವ ವಿದ್ಯೆ ಮಾತ್ರ ಪರದೇಶದ್ದು! ಆಗ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವಾಟ್ಸನ್ ತಮ್ಮ ಪ್ರಯೋಗಾಲಯದಲ್ಲಿ ಎಣ್ಣೆ ಇಳಿಸಿ ತೋರಿಸಿದರು. 1916ರಲ್ಲಿ ಮೈಸೂರು ಸರ್ಕಾರದ ಗಂಧದೆಣ್ಣೆ ಕಾರ್ಖಾನೆ ಬೆಂಗಳೂರಿನಲ್ಲಿ ನಡೆಯತೊಡಗಿತು. ಅದೇ ಎಣ್ಣೆಯಿಂದ ಮೈಸೂರು ಸ್ಯಾಂಡಲ್ ಸೋಪು ಬಂತು. ಸ್ಟಾರ್ಟಪ್ ಎಂಬ ಹೆಸರು ಹುಟ್ಟುವ ಮೊದಲೇ, ಪ್ರಯೋಗಾಲಯದ ಅರಿವು ಕಾರ್ಖಾನೆಯಾದ ಕಥೆ ಇದು.

ಆಗ ನಮ್ಮ ಸೀಮೆಯ ಪರಿಸ್ಥಿತಿ ಏನಿತ್ತು? ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಎಲ್ಲವೂ ಹೈದರಾಬಾದ್ ಸಂಸ್ಥಾನದೊಳಗೆ. ವಿಶ್ವವಿದ್ಯಾಲಯ ಅಂದರೆ 1918ರಲ್ಲಿ ಶುರುವಾದ ಉಸ್ಮಾನಿಯಾ, ಅದೂ ದೂರದ ಹೈದರಾಬಾದಿನಲ್ಲಿ, ಉರ್ದು ಮಾಧ್ಯಮದಲ್ಲಿ. ನಮ್ಮ ಹೊಲದ ಪ್ರಶ್ನೆಗೆ ಅಲ್ಲಿಂದ ಉತ್ತರ ಬರುವ ಹಾಗಿರಲಿಲ್ಲ.

ನಮ್ಮಲ್ಲಿ ದಾರಿ ತೆರೆದದ್ದು ನೀರು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂತು. ಎಡದಂಡೆ ಕಾಲುವೆಯ ಬಹುಭಾಗದಲ್ಲಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ ಬೆಳೆಯಬೇಕೆಂದು ಯೋಜನೆ ಮಾಡಿದವರು ಲೆಕ್ಕ ಹಾಕಿದ್ದರು. ರೈತರ ಲೆಕ್ಕವೇ ಬೇರೆಯಿತ್ತು. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದವರೂ ಸ್ಥಳೀಯರೂ ಭತ್ತ ಹಚ್ಚಿದರು. ಭತ್ತದ ಹಿಂದೆ ಹಲ್ಲರ್ ಗಿರಣಿ, ಗಿರಣಿಯ ಹಿಂದೆ ಲಾರಿ, ದಲ್ಲಾಳಿ ಅಂಗಡಿ, ದುರಸ್ತಿ ಗ್ಯಾರೇಜು ಬಂದವು. ಆಮೇಲೆ ಕಲ್ಲು, ಕಪ್ಪು ಕಾಳು ಆರಿಸುವ ಸಾರ್ಟೆಕ್ಸ್ ಯಂತ್ರವೂ ಬಂತು. ಇಷ್ಟನ್ನೂ ಯಾವ ವಿಶ್ವವಿದ್ಯಾಲಯವೂ ಹೇಳಿಕೊಟ್ಟು ಮಾಡಿಸಲಿಲ್ಲ. ಬೆಂಗಳೂರಿನಲ್ಲಿ ವಿದ್ಯೆ ಮೊದಲು, ಉದ್ಯಮ ಆಮೇಲೆ. ನಮ್ಮಲ್ಲಿ ಉದ್ಯಮ ಮೊದಲು, ವಿದ್ಯೆ ಅದರ ಬೆನ್ನಿಗೆ.

ವಿದ್ಯೆ ಬರಲೇಬೇಕಾಗಿತ್ತು ಕೂಡ. ವರ್ಷವರ್ಷವೂ ನೀರು ನಿಲ್ಲಿಸಿದ ನೆಲ ಸವಳು, ಜವಳು ಹಿಡಿಯಿತು. ಮೇಲ್ಭಾಗದವರ ಭತ್ತಕ್ಕೆ ನೀರು ಮುಗಿದು, ಕಾಲುವೆಯ ಕೊನೆಯ ರೈತರು ಕೈಕಟ್ಟಿ ಕೂತರು. ಗಿರಣಿಯವರಾಗಲಿ ದಲ್ಲಾಳಿಗಳಾಗಲಿ ಬಿಡಿಸಬಲ್ಲ ಗಂಟು ಇದಲ್ಲ.

ಇಲ್ಲಿ ಹೊರಗಿನ ಒಂದು ವಿಚಾರ ನೆರವಿಗೆ ಬಂತು. 1862ರಲ್ಲಿ ಅಮೆರಿಕ ಒಂದು ಕಾನೂನು ಮಾಡಿ, ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜುಗಳಿಗಾಗಿ ರಾಜ್ಯಗಳಿಗೆ ಭೂಮಿ ಕೊಟ್ಟಿತು. ಪಾಠ, ಸಂಶೋಧನೆ, ರೈತರಿಗೆ ತಲುಪಿಸುವ ಕೆಲಸ ಮೂರೂ ಒಂದೇ ಕಡೆ ಎಂಬ ಪದ್ಧತಿ ಅಲ್ಲಿಂದ ಬೆಳೆಯಿತು. ಅದೇ ಮಾದರಿಯಲ್ಲಿ 1964ರಲ್ಲಿ ಬೆಂಗಳೂರಿನಲ್ಲಿ, 1986ರಲ್ಲಿ ಧಾರವಾಡದಲ್ಲಿ, 2008ರಲ್ಲಿ ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯಗಳಾದವು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಈಗ ರಾಯಚೂರಿನ ವಿಶ್ವವಿದ್ಯಾಲಯಕ್ಕೆ ಸೇರಿದೆ. ನೆಲದೊಳಗೆ ತೂತುಗಳಿರುವ ಕೊಳವೆ ಹೂತು ಉಪ್ಪುನೀರು ಬಸಿದುಹೋಗುವಂತೆ ಮಾಡುವ ವಿಧಾನವನ್ನು ಈ ಕೇಂದ್ರ ಪ್ರಯೋಗ ಮಾಡಿ ನೋಡಿತು. ಇಲ್ಲಿಯದೇ ಜಿಜಿವಿ-05-01 ತಳಿ ‘ಗಂಗಾವತಿ ಸೋನಾ’ ಎಂಬ ಹೆಸರಿನಲ್ಲಿ ಗದ್ದೆಗಿಳಿಯಿತು. ನೀರು ಉಳಿಸಲು ವಿಶ್ವವಿದ್ಯಾಲಯ, ನಾಟಿ ಮಾಡದೆ ಕೂರಿಗೆಯಿಂದ ನೇರ ಬಿತ್ತುವ ಕೂರಿಗೆ ಭತ್ತವನ್ನು ಪ್ರಚಾರಕ್ಕೆ ತಂದಿತು.

ಇನ್ನೊಂದು ಹೆಜ್ಜೆಯನ್ನು ನೆನೆಯಬೇಕು. ರಾಯಚೂರು ಕೃಷಿ ವಿಶ್ವವಿದ್ಯಾಲಯ ಬೆಂಗಳೂರಿನ ಟೆನೆ ಅಗ್ರಿಕಲ್ಚರಲ್ ಸೊಲ್ಯೂಷನ್ಸ್ ಎಂಬ ಕಂಪನಿಯೊಂದಿಗೆ ಕೂಡಿ ‘ಇ-ಸ್ಯಾಪ್’ ಎಂಬ ತಂತ್ರಾಂಶ ಸಿದ್ಧಪಡಿಸಿತು. ಕ್ಷೇತ್ರಕ್ಕೆ ಹೋದ ಕಾರ್ಯಕರ್ತ ಹೊಲದಲ್ಲೇ ನಿಂತು ಕೀಟ, ರೋಗ ಗುರುತಿಸುತ್ತಾನೆ, ಎಷ್ಟಿದೆ ಎಂದು ದಾಖಲಿಸುತ್ತಾನೆ. ಔಷಧ ಹೊಡೆಯಬೇಕೋ ಬೇಡವೋ ಎಂಬ ಸಲಹೆ ಅಲ್ಲೇ ಸಿಗುತ್ತದೆ, ಮಾಹಿತಿ ವಿಜ್ಞಾನಿಗಳಿಗೂ ತಲುಪುತ್ತದೆ. ಕೀಟದ ಜ್ಞಾನ ವಿಶ್ವವಿದ್ಯಾಲಯದ್ದು, ತಂತ್ರಾಂಶದ ಕೈಚಳಕ ಕಂಪನಿಯದು, ಪ್ರಶ್ನೆ ರೈತನದು. ಮೂರೂ ಕೂಡಿದಾಗಲೇ ಕೆಲಸವಾಯಿತು.

ಕರ್ನಾಟಕ ಸರ್ಕಾರ 2015ರಲ್ಲಿ ಸ್ಟಾರ್ಟಪ್ ನೀತಿ ತಂದು, ಬೆಂಗಳೂರಿನಾಚೆಯ ಕಾಲೇಜುಗಳಲ್ಲೂ ವಿದ್ಯಾರ್ಥಿಗಳ ಹೊಸ ಯೋಚನೆಗಳಿಗೆ ನೆರವು ಕೊಡಲು ಹೊರಟಿತು. ಕೊಪ್ಪಳಕ್ಕೆ 2022ರ ಕಾನೂನಿನಿಂದ ಸ್ವಂತ ವಿಶ್ವವಿದ್ಯಾಲಯವೂ ಬಂತು. 2025ರಲ್ಲಿ ಅದನ್ನು ಮುಚ್ಚುವ ಮಾತೂ ಕೇಳಿಬಂತು. ವಿಶ್ವವಿದ್ಯಾಲಯ ಬೇಕೋ ಬೇಡವೋ ಎಂದು ತೂಗುವಾಗ ಕಟ್ಟಡ, ಹುದ್ದೆ, ಪದವಿಗಳನ್ನಷ್ಟೇ ಎಣಿಸಿದರೆ ಸಾಲದು. ಇಲ್ಲಿಯ ಗಿರಣಿಯ, ಗದ್ದೆಯ, ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವವರ ಎಷ್ಟು ಪ್ರಶ್ನೆಗಳು ಅದರ ತರಗತಿಯೊಳಗೆ ಹೋಗಿವೆ ಎಂದೂ ಕೇಳಬೇಕು.

ಪ್ರಶ್ನೆಗಳಿಗೆ ನಮ್ಮಲ್ಲಿ ಬರವಿಲ್ಲ. ಭತ್ತದ ಹೊಟ್ಟು ಸುಟ್ಟ ಬೂದಿಯನ್ನು ಏನು ಮಾಡುವುದು? ತೌಡು ಬೇಗ ಕೆಡದಂತೆ ಇಡುವುದು ಹೇಗೆ? ನುಚ್ಚಿಗೆ ಇನ್ನೂ ಒಳ್ಳೆ ಬೆಲೆ ಬರುವ ಪದಾರ್ಥ ಯಾವುದು? ಗಿರಣಿ ಮಾಲೀಕರು ಈ ಪ್ರಶ್ನೆಗಳನ್ನು ಹತ್ತಿರದ ಕಾಲೇಜಿಗೆ ಒಯ್ಯಬೇಕು, ಮೇಷ್ಟ್ರು ಅವನ್ನು ಕೊನೆಯ ವರ್ಷದ ಪ್ರಾಜೆಕ್ಟಿಗೆ ಹಾಕಬೇಕು. ಬೆಂಗಳೂರಿನ ದಾರಿಯನ್ನು ನಕಲು ಮಾಡಬೇಕಾಗಿಲ್ಲ. ನಮಗೆ ಉದ್ಯಮ ಆಗಲೇ ಇದೆ, ಅದರ ಬೆನ್ನಿಗೆ ನಿಲ್ಲುವ ವಿದ್ಯೆ ಬೇಕಾಗಿದೆ.