ಖಾಕಿ ಒಂದು ಜಾತಿಯೇ?

(ಪಾಂಡವಪುರದಲ್ಲಿ ಕಾರ್ಖಾನೆ ಕೆಲಸಗಾರರ ಮತ್ತು ಅಂಗಡಿಕಾರರ ಮುಂದೆ ಮಾಡಿದ ಭಾಷಣ)



ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದ ಬಂದವರೂ ಇಲ್ಲಿ ಕೂತಿದ್ದೀರಿ. ಒಂದು ಪ್ರಶ್ನೆ ಎಲ್ಲ ಕಡೆಯೂ ಕೇಳಿಬರುತ್ತದೆ. ಪೋಲೀಸಿನವನನ್ನು ಬೈದರೆ ಜಾತಿನಿಂದನೆಯ ಕೇಸು ಬೀಳುತ್ತದೆಯೇ? ಬೀಳಬೇಕೇ? ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಬಾಕಿ ಸಂಬಳ ಕೇಳಲು ನಿಂತವನಿಗಾಗಲಿ, ಸಂತೆಯಲ್ಲಿ ತಕ್ಕಡಿ ಇಟ್ಟು ಕೂತವನಿಗಾಗಲಿ ಪೋಲೀಸಿನೊಡನೆ ಮಾತಿಗೆ ಮಾತು ಬೆಳೆಯುವುದು ಹೊಸದಲ್ಲ. ಆದ್ದರಿಂದ ಇದು ವಕೀಲರಿಗೆ ಬಿಟ್ಟುಬಿಡುವ ಪ್ರಶ್ನೆಯಲ್ಲ.

ಮೊದಲು ಕಾನೂನನ್ನು ನೋಡೋಣ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಅದನ್ನು ಜಾರಿಗೆ ತರಲು 1955ರಲ್ಲಿ ಒಂದು ಕಾಯಿದೆ ಬಂತು; ಅದು ಸಾಲದಾಗಿ 1989ರಲ್ಲಿ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯಿದೆ ಆಯಿತು. ಅದರ 3ನೆಯ ಕಲಮು ಎರಡು ಮಾತು ಹೇಳುತ್ತದೆ. ಈ ಜನರನ್ನು ಹೀನೈಸುವ ಉದ್ದೇಶದಿಂದ ನಾಲ್ಕು ಜನರ ಎದುರಿಗೆ ಅವಮಾನ ಮಾಡುವುದು ಒಂದು ಅಪರಾಧ. ಜಾತಿಯ ಹೆಸರು ಹಿಡಿದು ಹಾಗೆ ಬೈಯುವುದು ಇನ್ನೊಂದು. ಬೈದವನು ಆ ಜಾತಿ ಪಂಗಡಗಳಿಗೆ ಸೇರದವನಾಗಿರಬೇಕು. ಶಿಕ್ಷೆ ಆರು ತಿಂಗಳಿಗೆ ಕಡಿಮೆಯಿಲ್ಲ, ಐದು ವರ್ಷದವರೆಗೂ ಹೋಗಬಹುದು.

ಹಾಗಾದರೆ ದಲಿತ ಪೇದೆಯೊಬ್ಬನನ್ನು ಬಸ್ ಸ್ಟ್ಯಾಂಡಿನಲ್ಲಿ ಜಾತಿ ಎತ್ತಿ ಬೈದರೆ? ಅದು ದೌರ್ಜನ್ಯವೇ. ಮೈಮೇಲೆ ಖಾಕಿ ಬಂದ ಮಾತ್ರಕ್ಕೆ ಅವನ ಹುಟ್ಟಿನ ಗಾಯ ಮಾಯುವುದಿಲ್ಲ, ಕಾನೂನಿನ ರಕ್ಷಣೆಯೂ ತಪ್ಪುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಕೆಲವರಿಗೆ ಮೇಲಿನ ಜಾತಿಯ ದಫೇದಾರ ಗದರಿಸಿದರೆ ಸಹನೆಯಾಗುತ್ತದೆ, ದಲಿತ ಪೇದೆ ಗಾಡಿ ನಿಲ್ಲಿಸಿದರೆ ಮಾತ್ರ ಉರಿಯುತ್ತದೆ. ಆ ಉರಿಯೇ ಜಾತಿ. ಅದಕ್ಕೆ ಕಾರ್ಮಿಕ ಎಂಬ ಹೆಸರು ಹೇಳಿಕೊಂಡು ಮಾಫಿ ಕೇಳಲು ನಮಗೆ ಹಕ್ಕಿಲ್ಲ.

ಆದರೆ ಅದೇ ಪೇದೆಗೆ 'ಲಂಚಕೋರ' ಎಂದರೆ? 'ಮಾಲೀಕನ ಕೈಗೊಂಬೆ' ಎಂದರೆ? ಅದು ಬೇರೆ ಲೆಕ್ಕ. ಉತ್ತರಾಖಂಡದ ಜಮೀನು ಜಗಳವೊಂದರಲ್ಲಿ ಸುಪ್ರೀಂ ಕೋರ್ಟು 2020ರ ನವೆಂಬರಿನಲ್ಲಿ ಇದನ್ನು ಬಿಡಿಸಿ ಹೇಳಿತು: ಅವಮಾನಗೊಂಡವನು ದಲಿತ ಎಂದಷ್ಟೇ ಸಾಲದು, ಅವನು ದಲಿತನೆಂಬ ಕಾರಣಕ್ಕೇ ಅವಮಾನ ನಡೆದಿರಬೇಕು. 2024ರಲ್ಲಿ ಕೇರಳದ ಪ್ರಕರಣವೊಂದರಲ್ಲೂ ಇದನ್ನೇ ಎತ್ತಿಹಿಡಿಯಿತು.

ಈಗ ಎರಡನೆಯ ಪ್ರಶ್ನೆ. ಜಾತಿ ಯಾವುದೇ ಇರಲಿ, ಪೋಲೀಸರನ್ನೇ ಒಂದು ಜಾತಿ, ಒಂದು ಜನಾಂಗ ಎಂದು ಎಣಿಸಿ, ಅವರನ್ನು ಬೈದವರಿಗೆ ದ್ವೇಷಾಪರಾಧದ ಶಿಕ್ಷೆ ಕೊಡಬೇಕೆಂಬ ವಾದ. ನಗಬೇಡಿ, ಇದು ಹೊರದೇಶಗಳಲ್ಲಿ ನಡೆದಿದೆ. ಅಮೆರಿಕದ ಲೂಯಿಸಿಯಾನ ರಾಜ್ಯ 2016ರಲ್ಲಿ ತನ್ನ ದ್ವೇಷಾಪರಾಧದ ಕಾಯಿದೆಯೊಳಗೆ ಪೋಲೀಸರನ್ನು ಸೇರಿಸಿತು. ರಷ್ಯದಲ್ಲಿ ಸವ್ವ ತೆರೆಂತ್ಯೆವ್ ಎಂಬ ಯುವಕ ಪೋಲೀಸರ ಮೇಲೆ ಕಟುವಾಗಿ ನಾಲ್ಕು ಸಾಲು ಬರೆದದ್ದಕ್ಕೆ, ಒಂದು 'ಸಾಮಾಜಿಕ ಗುಂಪಿನ' ಮೇಲೆ ದ್ವೇಷ ಎಬ್ಬಿಸಿದನೆಂದು 2008ರಲ್ಲಿ ಶಿಕ್ಷೆಯಾಯಿತು. ಬರಹ ಹೊಲಸಾಗಿಯೇ ಇತ್ತು. ಆದರೂ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2018ರಲ್ಲಿ ಆ ಶಿಕ್ಷೆ ತಪ್ಪೆಂದಿತು. ಪೋಲೀಸರು ದಬ್ಬಾಳಿಕೆ ಉಂಡ, ದಿಕ್ಕಿಲ್ಲದ ಅಲ್ಪಸಂಖ್ಯಾತರೇನಲ್ಲ ಎಂಬುದು ಅದರ ವಾದದ ತಿರುಳು. ಸರಿಯಾದ ಮಾತು. ಖಾಕಿಯನ್ನು ಸಂಜೆ ಗೂಟಕ್ಕೆ ತೂಗುಹಾಕಬಹುದು. ಹೊಲಗೇರಿಯಲ್ಲಿ ಹುಟ್ಟಿದವನು ತನ್ನ ಜಾತಿಯನ್ನು ಯಾವ ಗೂಟಕ್ಕೆ ತೂಗುಹಾಕಬೇಕು?

ಪೋಲೀಸರಿಗೆ ರಕ್ಷಣೆಯೇ ಇಲ್ಲವೆಂದಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 132ನೆಯ ಕಲಮಿನ ಪ್ರಕಾರ, ಕರ್ತವ್ಯದಲ್ಲಿರುವ ನೌಕರನ ಮೇಲೆ ಕೈಮಾಡಿದರೆ ಎರಡು ವರ್ಷದವರೆಗೆ ಜೈಲು. ಕೆಲಸಕ್ಕೆ ಅಡ್ಡಿ ಮಾಡಿದರೆ 221. ಸಾಲದೇ? ಇಷ್ಟಿದ್ದೂ ಬರಿಯ ಮಾತಿಗೆ ಇದೇ ಕಲಮುಗಳನ್ನು ಹಚ್ಚುವ ಚಾಳಿ ನಮ್ಮ ರಾಜ್ಯದಲ್ಲೇ ಇದೆ. 2013ರಲ್ಲಿ ಬೆಂಗಳೂರಿನ ದಂಪತಿಗಳು ಠಾಣೆಯಲ್ಲಿ ತಮಗಾದ ನಡವಳಿಕೆಯನ್ನು ಸಂಚಾರ ಪೋಲೀಸರ ಫೇಸ್‌ಬುಕ್ ಪುಟದಲ್ಲೇ ಬರೆದರು. ಅವರ ಮೇಲೆ ಆಗಿನ ದಂಡ ಸಂಹಿತೆಯ 353ನೆಯ ಕಲಮು ಬಿತ್ತು. ಹೈಕೋರ್ಟು ಕೇಸನ್ನು ವಜಾ ಮಾಡಲಿಲ್ಲ. 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮಾಡಿತು. ದಿಲ್ಲಿಯವರೆಗೆ ಹೋಗುವ ಶಕ್ತಿ ಅವರಿಗಿತ್ತು. ಬೆಲ್ಲದ ಅಂಗಡಿಯವನಿಗೆ ಮಂಡ್ಯದ ಕೋರ್ಟಿಗೆ ನಾಲ್ಕು ಸಲ ಅಲೆದರೇ ಬಂಡವಾಳ ಕರಗುತ್ತದೆ. ಇಂಥ ಕೈಗೆ ಇನ್ನೂ ದೊಡ್ಡ ದೊಣ್ಣೆ ಕೊಡಿ ಎಂದು ನಾವು ಕೇಳಲಾರೆವು.

ಪೇದೆಯ ಅವಮಾನವನ್ನೂ ಮರೆಯಬೇಡಿ. 1966ರ ಕಾಯಿದೆ ಅವನಿಗೆ ಸಂಘ ಕಟ್ಟುವ ಸ್ವಾತಂತ್ರ್ಯವನ್ನು ಕಸಿದುಕೊಂಡಿದೆ. ಸಂಬಳ, ರಜೆ, ಮೇಲಧಿಕಾರಿಗಳ ಕಿರುಕುಳ ಇವುಗಳಿಗಾಗಿ ಕರ್ನಾಟಕದ ಪೋಲೀಸರು 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಹೊರಟಾಗ, ಅವರ ಪರ ನಿಂತ ಮುಂದಾಳನ್ನು ರಾಜದ್ರೋಹದ ಆಪಾದನೆಯಲ್ಲಿ ಹಿಡಿದರು. ಪೇದೆಯ ಮಾನ ದಿನವೂ ಹೋಗುತ್ತಿರುವುದು ಬೀದಿಯವನ ಬಾಯಿಂದಲ್ಲ, ತನ್ನ ಇಲಾಖೆಯ ಮೇಲಿನ ಮೆಟ್ಟಿಲಿನಿಂದ. ದ್ವೇಷಾಪರಾಧದ ಕಾಯಿದೆ ಆ ಮೆಟ್ಟಿಲನ್ನು ಮುಟ್ಟುವುದಿಲ್ಲ.

ಇನ್ನು ತಿರುಗುಮುರುಗಾದ ಸಂಗತಿ: ಠಾಣೆಗೆ ದೂರು ಕೊಡಲು ಹೋದ ದಲಿತನನ್ನು ಪೋಲೀಸಿನವನೇ ಜಾತಿ ಹಿಡಿದು ಬೈದರೆ? ಇಲ್ಲಿ ಕಾನೂನು ಹೆಚ್ಚು ಕಠಿಣ. ಸರ್ಕಾರಿ ನೌಕರನೇ ಈ ಅಪರಾಧ ಮಾಡಿದರೆ ಶಿಕ್ಷೆ ಒಂದು ವರ್ಷಕ್ಕೆ ಕಡಿಮೆಯಾಗಕೂಡದು. ದೂರು ಬರೆದುಕೊಳ್ಳದೆ ಬೇಕೆಂದೇ ಕರ್ತವ್ಯ ತಪ್ಪಿಸಿದರೆ 4ನೆಯ ಕಲಮು ಬೇರೆಯೇ ಇದೆ. ತನಿಖೆಯನ್ನು ಡಿವೈಎಸ್‌ಪಿಗಿಂತ ಕೆಳಗಿನವರು ಮಾಡುವಂತಿಲ್ಲ. ಶ್ರೀರಂಗಪಟ್ಟಣದಲ್ಲೂ ನಾಗಮಂಗಲದಲ್ಲೂ ಆ ದರ್ಜೆಯ ಅಧಿಕಾರಿಗಳಿದ್ದಾರೆ. ಠಾಣೆಯಲ್ಲಿ ಬರೆದುಕೊಳ್ಳದಿದ್ದರೆ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಮಂಡ್ಯದ ಎಸ್‌ಪಿಗೆ ಕಳಿಸಿ, ರಸೀತಿ ಇಟ್ಟುಕೊಳ್ಳಿ. ಯಾವ ದಿನ, ಯಾವ ಹೊತ್ತು, ಆಡಿದ ಮಾತು ಯಾವುದು, ಎದುರಿಗೆ ಯಾರಿದ್ದರು, ಇಷ್ಟನ್ನೂ ಅದೇ ರಾತ್ರಿ ಬರೆದಿಡಿ. ಬರೆಯಲು ಬಾರದವರಿಗೆ ಪಕ್ಕದ ಅಂಗಡಿಯವರು ಬರೆದುಕೊಡಿ.